ಹದಿನೈದು ದಿನದ ಪಥ್ಯ

ಹಲ್ಲಿನ ಆಸ್ಪತ್ರೆಯ ಬೆಂಚಿನ ಮೇಲೆ ಬಸ್ ಕಂಡಕ್ಟರ್ ಊದಿದ ಕೆನ್ನೆ ಹಿಡಿದು ಕೂತಿದ್ದ. ಪಕ್ಕದಲ್ಲಿ ಒಬ್ಬ ದರ್ಜಿ ಮತ್ತು ಅವನ ಅಕ್ಕ ಔಷಧಿ ಚೀಟಿಗೆ ಕಾಯುತ್ತಿದ್ದರು. ದರ್ಜಿ ಬಾಯಿಗೆ ಒತ್ತಿಕೊಂಡಿದ್ದ ಅಸ್ತರಿನ ತುಂಡು ರಕ್ತದಲ್ಲಿ ನೆನೆದಿತ್ತು.

“ಸ್ಕರ್ವಿಯಂತೆ! ಹಿಂದೆ ಹಣ್ಣು, ತರಕಾರಿ ಸಿಗದ ಹಡಗಿನವರಿಗೆ ಬರ್ತಿತ್ತಂತೆ. ನೀನು ಒಂದು ಕೆರೇನೂ ದಾಟಿದೋನಲ್ಲ!”

“ಮೆಲ್ಲಗೆ ಅಕ್ಕ, ಎಲ್ರೂ ಕೇಳಿಸ್ಕೋತಾರೆ.”

“ಕೇಳಿಸ್ಕೊಳ್ಳಲಿ. ಎರಡು ವರ್ಷ ಏನ್ ತಿಂದೆ? ಹೇಳು.”

“ಬ್ರೆಡ್ಡು, ಟೀ, ಗಂಜಿ. ಹೊಟ್ಟೆ ಹುಣ್ಣಿಗೆ ತೋರಿಸಿದ್ದ ಡಾಕ್ಟ್ರು ಹಣ್ಣು, ತರಕಾರಿ ಬೇಡ ಅಂದಿದ್ರಲ್ಲ.”

“ಎಲ್ಲಿ ಆ ಚೀಟಿ?”

ಅವನು ಜೇಬಿನಿಂದ ಮಡಿಕೆ ಸವೆದ ಚೀಟಿ ತೆಗೆದ. ಕಂಡಕ್ಟರ್ ಹಲ್ಲುನೋವು ಮರೆತು ಕಿವಿಗೊಟ್ಟ.

“ಹದಿನೈದು ದಿನ ಅಂತಿದೆ ಕಣೋ! ಕಾಲಿಂಚು ಅಳತೆ ತಪ್ಪದ ಕಣ್ಣಿಗೆ ಇದು ಕಾಣ್ಲಿಲ್ವಾ?”

“ಕಾಣ್ತು. ಆದ್ರೆ ನೋವು ನಿಂತಿತ್ತು. ತಿಂದ್ರೆ ಮತ್ತೆ ಬರುತ್ತೇಂತ ಹೆದರಿಕೆ.”

“ಹೋಗಿ ಕೇಳೋಕೇನಾಗಿತ್ತು?”

“ಹೋಗಿದ್ದೆ. ತಲೆ ಎತ್ತದೇ ‘ಅದೇ ಮುಂದುವರಿಸಿ’ ಅಂದ್ರು.”

“ತಲೆ ಎತ್ತಿದ್ರೆ ಅವರ ಗಂಟೇನು ಹೋಗ್ತಿತ್ತು? ಕಾಲೆಲ್ಲಾ ನೀಲಿಗಟ್ಟಿದಾಗಲಾದ್ರೂ ತೋರಿಸ್ಬಾರ್ದಿತ್ತಾ?”

“ಮಿಷನ್ ತುಳಿದು ಹಾಗಾಯ್ತು ಅಂದ್ಕೊಂಡೆ.”

“ವಸಡು ಕೊಳೆತಿದ್ದಕ್ಕೆ ಮೂರು ಹಲ್ಲು ಕೀಳಿಸೋಕೆ ಹೊರಟಿದ್ದೆ! ಈ ಡಾಕ್ಟರಮ್ಮ ‘ಏನ್ ಊಟ ಮಾಡ್ತೀರಿ’ ಅಂತ ಕೇಳಿದ್ದಕ್ಕೆ ಉಳೀತು.”

ನರ್ಸ್ ಹೊಸ ಚೀಟಿ ತಂದಳು. ದರ್ಜಿ ಅಂಜುತ್ತಲೇ ಕೇಳಿದ.

“ಎಷ್ಟು ದಿನಕ್ಕೆ ಸಿಸ್ಟರ್?”

“ಮಾತ್ರೆ ಒಂದು ತಿಂಗಳು, ಆಮೇಲೆ ಬಂದು ತೋರಿಸಿ. ಸೀಬೆ, ಕಿತ್ತಳೆ, ನಿಂಬೆ, ಸೊಪ್ಪು ತಿನ್ನೋದನ್ನ ಮಾತ್ರ ಬದುಕಿರೋವರೆಗೂ ಬಿಡ್ಬೇಡಿ.”

“ಅದನ್ನೂ ಬರೆದುಕೊಡಮ್ಮ, ದಪ್ಪಕ್ಷರದಲ್ಲಿ,” ಎಂದಳು ಅಕ್ಕ. ಹಳೆಯ ಚೀಟಿಯನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆಸೆದು, ತಮ್ಮನ ತೋಳು ಹಿಡಿದು ಹೊರಟಳು.