ಗುಂಡಿಯ ಮೇಲೆ ಹೊಸ ಬೂದಿ

ಬಸ್ಸು, ಕರೆಂಟು, ಸರ್ಕಾರ ಎಲ್ಲ ನಿಂತುಹೋಗಿ ವರ್ಷಗಳಾಗಿದ್ದವು. ಬಣಕಲ್ಲಿನ ಒರತೆಯ ಬಳಿ ಕೊಡ ಹಿಡಿದು ನಿಂತಿದ್ದ ಧನ್ಯಾಳಿಗೆ, ಮುಂದಿದ್ದ ಲಲಿತಕ್ಕ ಮತ್ತು ಶಂಕರಮ್ಮನ ಮಾತು ಕೇಳಿಸಿತು.

"ಮೇಲಿನ ತೋಟದ ಕೂಲಿಯೋರ ಲೈನ್‌ಮನೆ ಕಕ್ಕಸುಗುಂಡಿಗೆ ದಿನಾ ಯಾರೋ ಬೂದಿ ಹಾಕ್ತಿದಾರೆ, ಶಂಕರಮ್ಮ."

"ಅಲ್ಲಿದ್ದೋರೆಲ್ಲ ವಾಂತಿಭೇದಿಗೆ ಹೋದ್ರಲ್ಲೇ!"

"ಹೂಂ. ಬಾಗಿಲಿಗೆ ನಾವು ಹೊಡೆದ ಹಲಗೆ ಹಂಗೇ ಇದೆ."

"ದೆವ್ವಕ್ಕೆ ಕಕ್ಕಸು ಯಾಕೆ ಮಾರಾಯ್ತಿ? ರೋಗದೋರು ಯಾರೋ ಸೇರ್ಕೊಂಡಿದಾರೆ. ಅಲ್ಲಿನ ನೀರು ಈ ಒರತೆಗೇ ಇಳಿಯೋದು. ಓಡಿಸ್ಬೇಕು."

"ಗಲೀಜು ಮುಚ್ಚೋಕೆ ಅಲ್ಲಿ ಬೂದಿ ಮುಗಿದಿತ್ತು. ನಮ್ಮೊಲೆದು ಒಂದು ಬುಟ್ಟಿ ಇಟ್ಟು ಬಂದೆ."

"ಯಾರು ಅಂತ ನೋಡ್ಲಿಲ್ವಾ?"

"ನೋಡಿದ್ರೆ ಓಡಿಸ್ಬೇಕಾಗುತ್ತಲ್ಲ."

ಶಂಕರಮ್ಮ ಗುಡ್ಡದ ಕಡೆ ಕತ್ತೆತ್ತದೆ ಕೊಡ ಹೊತ್ತರು.

"ನಾಳೆ ನಮ್ಮನೇದೂ ತಗೊಂಡೋಗು."

ಇಬ್ಬರೂ ಇಳಿದುಹೋದರು. ಅಜ್ಜಿಯ ಕತೆಗಳಲ್ಲಿ ಕಾಣದವರಿಗೆ ಎಡೆ ಇಡುತ್ತಿದ್ದರು; ಬೂದಿ ಇಡುವುದನ್ನು ಧನ್ಯಾ ಕೇಳಿದ್ದು ಇದೇ ಮೊದಲು.