ಆ ಟೂಲಿನ ಪಕ್ಕದ ಸಾಲು

ಅಯ್ಯೋ, ಬೇಡ ಬೇಡ, ಕುರ್ಚಿ ಎಳೀಬೇಡಿ ಅಕ್ಕಾ, ಈಗಲೇ ಹೊರಟುಬಿಡ್ತೀನಿ. ಆಫೀಸಲ್ಲಿ ನಿಮ್ಮ ಮೇಜಿನ ಮೇಲಿದ್ದ ಸಾಮಾನು ಕೊಟ್ಟು ಹೋಗೋಣ ಅಂತ ಬಂದೆ, ಅಷ್ಟೇ. ಶಾಲು, ಟಿಫಿನ್ ಡಬ್ಬಿ, ಈ ಹಿಡಿ ಮುರಿದ ಕಪ್... ಯಾಕೆ ನಗ್ತೀರಿ? ಹನ್ನೊಂದು ವರ್ಷ ಅದರಲ್ಲೇ ಚಹಾ ಕುಡಿದಿದ್ದೀರಿ, ಎಸೆಯೋಕೆ ಮನಸ್ಸಾಗಲಿಲ್ಲ.

ನಿಮ್ಮ ಜಾಗದಲ್ಲಾ? ಇನ್ನೂ ಯಾರೂ ಕೂತಿಲ್ಲ. ಟೆಸ್ಟಿಂಗ್ ಕೆಲಸ ಪೂರ್ತಿ ನನ್ನ ತಲೆಗೇ ಕಟ್ಟಿದ್ದಾರೆ... ಹಾಗೆ ನೋಡಬೇಡಿ, ನಾನೇನು ಕೇಳಿಕೊಂಡಿರಲಿಲ್ಲ!

ಆ ಅಜ್ಜ ತಾನೆ? ಹುಷಾರಾಗಿದ್ದಾರೆ. ನಾನೇ ಫೋನ್ ಮಾಡಿ ಕೇಳಿದೆ. ಡಯಾಲಿಸಿಸ್‌ಗೆ ಅಂತ ಎರಡು ಬಸ್ಸು ಬದಲಾಯಿಸಿ ಬಂದವರನ್ನ, 'ಪಟ್ಟಿಯಲ್ಲಿ ನಿಮ್ಮ ಹೆಸರೇ ಇಲ್ಲ' ಅಂತ ವಾಪಸ್ ಕಳಿಸಿದ್ರಂತಲ್ಲ... ಮಾರನೇ ದಿನ ಉಸಿರಾಡೋಕಾಗದೆ ಅಡ್ಮಿಟ್ ಆದ್ರು. ಮೂರು ದಿನ ಐಸಿಯು. ಈಗ ಮನೇಲಿದ್ದಾರೆ.

ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಕ್ಕಾ. ಅವತ್ತು ಎಐ ಏಜೆಂಟನ್ನ ಓಡಿಸಿದ್ದು ನೀವು, ಸರಿ. ನಮ್ಮ ಸಾಫ್ಟ್‌ವೇರ್ ಪರೀಕ್ಷೆ ಮಾಡು ಅಂದ್ರೆ, ಅದು ಹೋಗಿ ಆಸ್ಪತ್ರೆಯ ಅಸಲಿ ಸರದಿ ಪಟ್ಟಿಯನ್ನೇ ಅಳಿಸಿಹಾಕುತ್ತೆ ಅಂತ ಯಾರು ಕನಸು ಕಂಡಿದ್ರು? ಅದು ಅಳಿಸೋಕೆ ಬಳಸಿದ ಟೂಲಿನ ಪಕ್ಕ ಎಚ್ಚರಿಕೆ ಬರೆದಿತ್ತು, ನಿಮ್ಮ ಕಣ್ಣು ತಪ್ಪಿತು. ಯಾರಿಗಾದ್ರೂ ಆಗುತ್ತೆ. ಅದಕ್ಕೆ ರಾಜೀನಾಮೆ ಬರೆದುಕೊಟ್ಟು ಹೊರಟುಬಿಡೋದಾ?

ನೀವು ಹೇಳಿಕೊಟ್ಟಿದ್ದು ಈಗಲೂ ಕಿವಿಯಲ್ಲಿದೆ. 'ಈ ಏಜೆಂಟಿಗೆ ನಮ್ಮ ಹೊಟ್ಟೆಯಲ್ಲಿರೋದು ಗೊತ್ತಾಗಲ್ಲ ಕಣೆ. ಟೂಲಿನ ಪಕ್ಕ ನಾವೇನು ಬರೀತೀವೋ ಅದನ್ನೇ ಓದಿ, ಅದನ್ನೇ ನಂಬಿ ಹೊರಡುತ್ತೆ. ಏನು ಮಾಡುತ್ತೆ ಅಂತ ಬರಿ, ಯಾವಾಗ ಬಳಸಬೇಕು ಅಂತ ಬರಿ, ಯಾವಾಗ ಮುಟ್ಟಲೇಬಾರದು ಅಂತ ಬಿಡಿಸಿ ಬಿಡಿಸಿ ಬರಿ.' ಎಷ್ಟು ಸಲ ಹೇಳಿದ್ರಿ! ನಲವತ್ತು ಟೂಲು ಅಕ್ಕಾ... ಬರೆದೂ ಬರೆದೂ ಸಾಕಾಗಿತ್ತು, ಮಗಳನ್ನ ಶಾಲೆಯಿಂದ ಕರ್ಕೊಂಡು ಬರೋ ಹೊತ್ತು ಬೇರೆ ಆಗಿತ್ತು... ಆ ಟೂಲಿನ ಪಕ್ಕ 'ಹಳೆಯ ಸರದಿ ಅಳಿಸುತ್ತದೆ' ಅಂತ ಮೂರೇ ಪದ ಗೀಚಿ ಎದ್ದುಬಿಟ್ಟೆ...

ಅಲ್ಲ. ಅದು... ಅದು ಮೊದಲು. ಆಮೇಲೆ ಪೂರ್ತಿ ಬರೆದೆನಲ್ಲ! 'ಇದು ಅಸಲಿ ಪಟ್ಟಿಯನ್ನೇ ಅಳಿಸುತ್ತದೆ, ಪರೀಕ್ಷೆಯಲ್ಲಿ ಬಳಸಕೂಡದು' ಅಂತ. ಮೀಟಿಂಗಲ್ಲಿ ಮ್ಯಾನೇಜರ್ ಎಲ್ಲರಿಗೂ ತೋರಿಸಿದ್ದು ಅದೇ ತಾನೆ?

ಆಮೇಲೆ ಅಂದ್ರೆ... ಆಮೇಲೆ.

ಯಾಕೆ ಕಪ್ ಕೆಳಗಿಟ್ಟುಬಿಟ್ರಿ ಅಕ್ಕಾ?

...ಅವತ್ತೇ ಮಧ್ಯಾಹ್ನ. ಪಟ್ಟಿ ಹೋದ ಮೇಲೆ. ನೀವು ಕಾರಿಡಾರಲ್ಲಿ ನಿಂತು ಆಸ್ಪತ್ರೆಯವರ ಹತ್ರ ಫೋನಲ್ಲಿ ಗೋಗರೀತಿದ್ರಲ್ಲ, ಆಗ. ನಾನು ಒಳಗೆ ಕೂತು ಆ ಸಾಲು ಸೇರಿಸಿದೆ. ನನ್ನ ಕೆಲಸ ಖಾಯಂ ಆಗಿ ತಿಂಗಳೂ ಆಗಿರಲಿಲ್ಲ... ಇಲ್ಲ, ಅದು ನೆಪ. ಹೆದರಿದೆ, ಅಷ್ಟೇ. ಮೀಟಿಂಗಲ್ಲಿ ನೀವು 'ನಾನು ಓದಿದಾಗ ಈ ಸಾಲು ಇರಲಿಲ್ಲ' ಅಂದ್ರಿ. ಯಾರೋ 'ಕನ್ನಡಕ ಬದಲಾಯಿಸಿ ಮೇಡಂ' ಅಂದ್ರು. ಎಲ್ಲರೂ ನಕ್ರು. ನಾನೂ... ನಾನೂ ನಕ್ಕೆ.

ಯಾರು ಯಾವಾಗ ತಿದ್ದಿದ್ದು ಅಂತ ಗಂಟೆ ನಿಮಿಷದ ಸಮೇತ ಆ ಫೈಲಲ್ಲೇ ದಾಖಲಾಗಿರುತ್ತೆ. ಒಬ್ಬರಾದ್ರೂ ತೆಗೆದು ನೋಡ್ತಾರೆ ಅಂದ್ಕೊಂಡಿದ್ದೆ. ಯಾರೂ ನೋಡಲಿಲ್ಲ. ನೀವೂ...

ಯಾಕೆ ಮುಖ ತಿರುಗಿಸಿದ್ರಿ?

ನೋಡಿದ್ರಾ?

ಯಾವಾಗ? ಮೀಟಿಂಗ್ ಆದ್ಮೇಲೆ ತಾನೆ?... ಅಕ್ಕಾ? ಮೊದಲೇನಾ? ಮೊದಲೇ ನೋಡಿದ್ರಾ?

ಹಾಗಾದ್ರೆ... ಮೀಟಿಂಗಲ್ಲಿ ಆ ಮಾತು ಹೇಳಿ ನನ್ನ ಕಡೆ ತಿರುಗಿದ್ರಲ್ಲ. ಎಲ್ಲರೂ ನಗ್ತಿರುವಾಗ ನೀವೊಬ್ಬರೇ ನನ್ನನ್ನೇ ನೋಡ್ತಾ ಕೂತಿದ್ರಲ್ಲ... ಪಾಪ, ಗಾಬರಿಯಾಗಿದ್ದಾರೆ ಅಂದ್ಕೊಂಡಿದ್ದೆ. ಕಾಯ್ತಿದ್ರಾ ಅಕ್ಕಾ? ಇವಳಾಗೇ ಬಾಯಿಬಿಡ್ತಾಳೆ ಅಂತ?

ಆಗ ನಾನು ನಿಮ್ಮ ಕಣ್ಣು ತಪ್ಪಿಸಿ, ಬಾಟ್ಲಿ ಮುಚ್ಚಳ ತೆಗೆದು, ನೀರು ಕುಡಿದೆ.