ಜಿಂಕೆ ಸಿಗುವ ಜಾಗ

ಅರಿಜೋನಾದ ಒಣ ಬೆಟ್ಟಗಳ ಕೆಳಗಿನ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಕೆಲಸದಾಕೆ ರೊಸಾಲ್ಬಾ ಗಲ್ಲಾದ ಮೇಲಿನ ಕಾಫಿ ಕಲೆ ಒರೆಸುತ್ತಿದ್ದಳು. ಬಿಲ್ಲು ಬಾಣ ಹಿಡಿದು ಬೆಟ್ಟಕ್ಕೆ ಹೋಗಿ ಕಾಣೆಯಾದ ಬೇಟೆಗಾರ ನೆಸ್ತೋರನ ಹೆಂಡತಿ ಡೆಲ್ಫಿನಾ ಮತ್ತು ಅವನ ಅಣ್ಣ ಫಿದೆಲ್ ಗಲ್ಲಾದ ಮುಂದೆ ನಿಂತಿದ್ದರು.

"ಮೂಡಲ ಕಣಿವೆಗೆ ಹೋಗ್ತೀನಿ ಅಂದಿದ್ರು, ಭಾವ. ಪೊಲೀಸ್ರು ಅಲ್ಲೇ ಹುಡುಕ್ತಿದಾರೆ."

"ಹಾಗಾದ್ರೆ ಅಲ್ಲಿಲ್ಲ. ಬಿಲ್ಲು ಹಿಡಿದೋನು ಜಿಂಕೆ ಸಿಗೋ ಜಾಗಾನ ಹೆಂಡ್ತಿಗೂ ಹೇಳಲ್ಲ."

"ನಿಮಗೆ?"

"ನನಗೂ ಸುಳ್ಳೇ. ನಾನೂ ಅವನಿಗೆ ಸುಳ್ಳೇ ಹೇಳ್ತಿದ್ದೆ. ಆದ್ರೂ ಕಳ್ಳ, ಹೋದ್ವರ್ಷ ನನ್ನ ಹಿಂದೇನೇ ಬಂದು ನನ್ನ ಜಾಗ ನೋಡ್ಕೊಂಡಿದ್ದ."

"ಅಲ್ಲಿ ಹುಡುಕಿದ್ರಾ?"

"ನಾಳೆ ನಾನೊಬ್ನೇ ಹೋಗಿ ನೋಡ್ತೀನಿ ಕಣಮ್ಮ. ಜನ ನುಗ್ಗಿದ್ರೆ ಅಲ್ಲಿಗೆ ಮತ್ತೆ ಜಿಂಕೆ ಬರಲ್ಲ."

ರೊಸಾಲ್ಬಾಳ ಕೈ ನಿಂತಿತು.

"ಅವರ ಹತ್ರ ಇದ್ದಿದ್ದು ಒಂದೇ ಬಾಟ್ಲಿ ನೀರು, ಭಾವ."

ಫಿದೆಲ್ ಟೋಪಿ ಹಾಕಿಕೊಂಡು ಬಾಗಿಲು ತಳ್ಳಿದ. ಡೆಲ್ಫಿನಾ ಹಿಂದೆಯೇ ಓಡಿದಳು.

"ಆ ಜಾಗ ಎಲ್ಲಿ ಅಂತ ಪೊಲೀಸ್ರಿಗೆ ಹೇಳಿ, ಭಾವ."

"ನಾಳೆ ಹೋಗಿ ನೋಡ್ತೀನಿ ಅಂದೆನಲ್ಲಮ್ಮ," ಎಂದು ಅವನು ಗಾಡಿ ಹತ್ತಿದ.